ಎರಡು ಮೋರೆಯ ರಟ್ಟಿನ ರೈಲು

ನಮ್ಮ ಮಲಗುವ ಕೋಣೆಯ ಬಾಗಿಲ ಹಿಂದೆ ಒಂದು ರಟ್ಟಿನ ತುಂಡು ಇದೆ. ಯಾರದೋ ಮನೆಗೆ ಫ್ರಿಜ್ಜು ಬಂದ ಪೆಟ್ಟಿಗೆಯ ಒಂದು ಬದಿ ಅದು. ಅದರ ಮೇಲೆ ಕಪ್ಪು ಮಾರ್ಕರಿನಿಂದ ಒಂದು ಮೋರೆ ಬರೆದಿದೆ. ಒಂದು ಕಣ್ಣು ದೋಸೆಯಷ್ಟು, ಇನ್ನೊಂದು ಇಡ್ಲಿಯಷ್ಟು. ನಡುವೆ ಓರೆಯಾಗಿ ಒಂದು ಕಿಟಕಿ. ಮನೆಗೆ ಬಂದವರು "ಇದು ಗೂಬೆಯಾ?" ಎಂದು ಕೇಳುತ್ತಾರೆ. ಗೂಬೆಯಲ್ಲ ಮಾರಾಯರೇ, ಲೋಕಲ್ ಟ್ರೇನಿನ ಮುಂಭಾಗ. ಸರಿಯಾಗಿ ಹೇಳಬೇಕೆಂದರೆ ಹಿಂಭಾಗ. ಹಿಂಭಾಗ ಮುಂಭಾಗವಾದದ್ದು ಹೇಗೆ ಎನ್ನುವುದೇ ನಾನು ಈಗ ಹೇಳಹೊರಟ ಸಂಗತಿ. ಹಳೆ ಕಾಗದ ಕೊಳ್ಳುವ ರದ್ದಿವಾಲ ಕೆಳಗೆ ಕೂಗಿದಾಗಲೆಲ್ಲ ನಮ್ಮ ಯಜಮಾನರು ಈ ರಟ್ಟಿನ ಕಡೆ ಆಸೆಯ ಕಣ್ಣು ಹಾಕುತ್ತಾರೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ನನ್ನ ಚಿನ್ನದ ಬಳೆಗೂ ನಾನು ಹಾಗೆ ಕಾವಲು ನಿಂತವಳಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಟೀಚರ್ ಅಲ್ಲ. ನಿವೃತ್ತಿಯಾಗುವ ತನಕ ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ಫೈಲುಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿದವಳು. ಮಕ್ಕಳ ಮನಸ್ಸಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ನನ್ನ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅದು ಗೊತ್ತಿತ್ತು ಎಂದು ಅಮ್ಮನಿಗೇ ಗೊತ್ತಿರಲಿಲ್ಲ.

ಥಾಣೆಯ ನೌಪಾಡಾದಲ್ಲಿ ಅಪ್ಪನದೊಂದು ಸಣ್ಣ ಶಾಕಾಹಾರಿ ಹೋಟೆಲಿತ್ತು. ಹೋಟೆಲಿನ ಹಿಂದೆಯೇ ನಮ್ಮ ಮನೆ. ಎರಡಕ್ಕೂ ನಡುವೆ ಒಂದು ಪರದೆ, ಪರದೆಗೆ ಸದಾ ಸಾಂಬಾರಿನ ಪರಿಮಳ. ಇವತ್ತಿಗೂ ಒಗೆದ ಪರದೆಗೆ ಸೋಪಿನ ವಾಸನೆ ಬಂದರೆ ನನಗೇನೋ ಕೊರತೆ ಕಂಡಂತಾಗುತ್ತದೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ಅಮ್ಮ ಗೆರಸೆಯಲ್ಲಿ ಅಕ್ಕಿ ಹರಡಿ ಕಲ್ಲು ಆರಿಸಲು ಕೂರುತ್ತಿದ್ದಳು, ಸುತ್ತ ನಾವು ಮಕ್ಕಳು. ನಮ್ಮ ಮನೆಯಲ್ಲಿ ಬೈಗುಳ ತುಳುವಿನಲ್ಲಿ, ಕತೆ ಕನ್ನಡದಲ್ಲಿ. ಯಾಕೆ ಹಾಗೆ ಎಂದು ನಾವು ಕೇಳಲಿಲ್ಲ, ಎರಡೂ ಧಾರಾಳವಾಗಿ ಸಿಗುತ್ತಿದ್ದವು.

ಅಮ್ಮನ ಕತೆಗೆ ಒಂದು ದೊಡ್ಡ ದೋಷವಿತ್ತು. ಅದು ಯಾವಾಗಲೂ ನಡುವಿನಲ್ಲಿ ನಿಲ್ಲುತ್ತಿತ್ತು. "ಒಬ್ಬಳು ಅಜ್ಜಿ. ಅವಳಿಗೆ ಮೂರು ಮೊಮ್ಮಕ್ಕಳು. ಶಾಲೆ ಬಿಟ್ಟಿತು, ಹೊರಗೆ ಜಡಿಮಳೆ. ಅಜ್ಜಿಯ ಹತ್ರ ಇರುದು ಒಂದೇ ಕೊಡೆ. ಈಗ ಎಂತ ಮಾಡುದು?" ಅಷ್ಟು ಹೇಳಿ ಅಮ್ಮ ಕಲ್ಲು ಆರಿಸುತ್ತ ಕೂತುಬಿಡುವಳು. ನಾವು ಬಾಯಿಗೆ ಬಂದದ್ದು ಹೇಳುವುದು. ಅಮ್ಮ ಯಾರಿಗೂ ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಅವಳದು ಒಂದೇ ಮಾತು. "ಹಾಗೆ ಮಾಡಿದ್ರೆ ಮತ್ತೆ ಎಂತ ಆಯ್ತು ಗೊತ್ತುಂಟಾ?" ಎಂದು ನಮ್ಮ ಉತ್ತರವನ್ನೇ ಹಿಡಿದುಕೊಂಡು ಕತೆಯನ್ನು ಮುಂದೆ ಓಡಿಸುತ್ತಿದ್ದಳು. ಒಬ್ಬೊಬ್ಬರನ್ನೇ ಕೊಡೆಯಲ್ಲಿ ಮನೆಗೆ ಬಿಡುವುದು ಎಂದು ನಾನು ಹೇಳಿದರೆ, ಅಜ್ಜಿ ಬಂದು ಹೋಗಿ ಬಂದು ಹೋಗಿ ಚಪ್ಪಲಿ ಕಿತ್ತುಕೊಂಡು ಕೂರುವಳು. ನನ್ನ ತಮ್ಮ ಒಮ್ಮೆ ಬಹಳ ಯೋಚಿಸಿ, "ಮಳೆ ನಿಂತ ಮೇಲೆ ಹೋಗುದು" ಎಂದ. ಅಮ್ಮ ಗೆರಸೆ ಕೆಳಗಿಟ್ಟು ನಕ್ಕ ನಗು ನನಗೆ ಇನ್ನೂ ಕಾಣುತ್ತದೆ. ಅವನಿಗೆ ಆ ದಿನ ಹೋಟೆಲಿನಿಂದ ಒಂದು ಗೋಳಿಬಜೆ ಹೆಚ್ಚು ಸಿಕ್ಕಿತು. ನನಗೆ ಆ ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದು ಹೇಳಲಾರೆ.

ನಿವೃತ್ತಿಯಾದ ಮೇಲೆ ನನಗೆ ಹಿಡಿದ ಹುಚ್ಚು ಇದೇ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ನೆಲ ಅಂತಸ್ತಿನಲ್ಲಿ ಸೊಸೈಟಿಯದೊಂದು ಕೋಣೆಯಿದೆ, ಮುರಿದ ಕುರ್ಚಿಗಳೂ ಕೇರಂ ಬೋರ್ಡೂ ಇಡುವ ಜಾಗ. ಶನಿವಾರ ಸಂಜೆ ಅಲ್ಲಿ ಬಿಲ್ಡಿಂಗಿನ ಚಿಕ್ಕ ಮಕ್ಕಳನ್ನು ಸೇರಿಸಿ ಕತೆ ಹೇಳುತ್ತೇನೆ, ಕತೆ ನಿಂತಲ್ಲಿ ಆಟ ಶುರು. ಮರಾಠಿಯವರು, ಗುಜರಾತಿಯವರು, ಸಿಂಧಿಯವರು ಎಲ್ಲ ಇದ್ದಾರೆ. ಹಾಗಾಗಿ ಕತೆ ನನ್ನ ಹರಕು ಹಿಂದಿ ಮರಾಠಿಯಲ್ಲಿ. ಆದರೆ ಪ್ರಶ್ನೆ ಬಂದಾಗ ಮಾತ್ರ ನಾಲಿಗೆ ತಾನಾಗಿ ಅಮ್ಮನ ಕಡೆ ತಿರುಗುತ್ತದೆ: "ಈಗ ಎಂತ ಮಾಡುದು?" ಈಗ ನಮ್ಮ ಸಿಂಧಿ ಮಕ್ಕಳೂ ಲಿಫ್ಟು ಕೆಟ್ಟರೆ ತಲೆಗೆ ಕೈಯಿಟ್ಟು "ಎಂತ ಮಾಡುದು" ಎನ್ನುತ್ತವೆ.

ಗುಂಪಿನಲ್ಲಿ ನನ್ನ ಮೊಮ್ಮಗಳು ತನ್ವಿಯೂ ಇದ್ದಳು. ಒಂದನೇ ತರಗತಿ. ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅದೂ ಮನೆಯೊಳಗೆ. ಕೆಳಗಿನ ಕೋಣೆಗೆ ಬಂದರೆ ಕಿಟಕಿಯ ಕಟ್ಟೆ ಹತ್ತಿ ಕೂತು ಎಲ್ಲರನ್ನೂ ನೋಡುತ್ತಿದ್ದಳೇ ಹೊರತು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಬೇರೆ ಮಕ್ಕಳು ನಾ ಮುಂದು ತಾ ಮುಂದು ಎಂದು ಕಿರುಚುವಾಗ ನನ್ನ ಕಣ್ಣು ಕಿಟಕಿಯ ಕಡೆ ಹೋಗುತ್ತಿತ್ತು. ಊರಿನ ಮಕ್ಕಳನ್ನೆಲ್ಲ ಮಾತಾಡಿಸುವವಳಿಗೆ ತನ್ನ ಮನೆಯ ಮಗುವನ್ನು ಮಾತಾಡಿಸಲು ಆಗದಿದ್ದರೆ ಹೇಗಾಗಬೇಡ?

ಶಾಲೆಯಲ್ಲೂ ಅದೇ ಕತೆ. ಪೋಷಕರ ಸಭೆಯಲ್ಲಿ ಟೀಚರು, "ಪ್ರಶ್ನೆ ಕೇಳಿದರೆ ಉತ್ತರ ಕೊಡುವುದಿಲ್ಲ, ಸುಮ್ಮನೆ ನೋಡುತ್ತಾಳೆ" ಎಂದರಂತೆ. ಸೊಸೆ ರೂಪಾ ಮುಖ ಸಣ್ಣ ಮಾಡಿಕೊಂಡು ಬಂದಳು. ರೂಪಾ ಹುಬ್ಬಳ್ಳಿಯವಳು, ಇಂಜಿನಿಯರು. ದಿನಾ ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗಿ ಬರುವವಳು. ಒಳ್ಳೆಯ ಹುಡುಗಿ, ನನ್ನ ಮಗನಿಗಿಂತ ನನಗೆ ಅವಳೇ ಹೆಚ್ಚು ಹತ್ತಿರ, ಮಗನಿಗೂ ಅದು ಗೊತ್ತು. ಆ ದಿನ ಅವಳು ಸ್ಟೇಷನ್ ರೋಡಿನಲ್ಲಿ ಹೊಸದಾಗಿ ತೆರೆದ, ಮಕ್ಕಳ ಬುದ್ಧಿ ಚುರುಕು ಮಾಡುವ ಕ್ಲಾಸೊಂದರ ಬಣ್ಣದ ಕಾಗದ ತಂದು ನನ್ನ ಮುಂದಿಟ್ಟಳು. ಕ್ಲಾಸು ಶನಿವಾರ ಸಂಜೆ, ಸರಿಯಾಗಿ ನನ್ನ ಕತೆಯ ಹೊತ್ತಿಗೆ.

"ಅತ್ತೀ, ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕತಿ ಛೊಲೋನ ಅದಾವ. ಆದ್ರ ಆಟ ಬ್ಯಾರೆ, ಕಲಿಯೋದು ಬ್ಯಾರೆ. ಇಕಿ ಹಿಂಗ ಸುಮ್ನ ಕೂತ್ರ ಹ್ಯಾಂಗ್ರಿ ಮುಂದ?"

"ಗಣಪತಿ ಮುಗಿಯುವ ತನಕವಾದ್ರೂ ಬಿಡು ಮಾರಾಯ್ತಿ. ಮಕ್ಕಳ ನಾಟಕ ಉಂಟಲ್ಲ," ಎಂದೆ.

"ಆತ್ರಿ, ಗಣಪತಿ ಆಗೋತನಾ ಇರ್ಲಿ. ಆಮ್ಯಾಲೆ ಕ್ಲಾಸಿಗೆ ಹಾಕ್ತೀನಿ."

ನಾನು ಹೂಂ ಎಂದೆ. ಒಳಗೆ ಮಾತ್ರ ಸಂಕಟ. ಒಂದು, ಅಜ್ಜಿಯ ಮೊಮ್ಮಗಳೇ ಬಿಟ್ಟು ಹೋದ ಗುಂಪಿಗೆ ಬೇರೆಯವರು ಯಾಕೆ ಮಕ್ಕಳನ್ನು ಕಳಿಸಿಯಾರು ಎಂಬ ಹೆದರಿಕೆ. ಇನ್ನೊಂದು ಅದಕ್ಕಿಂತ ದೊಡ್ಡದು. ಸೊಸೆ ಹೇಳುವುದು ಸರಿಯೇ ಇದ್ದರೆ? ನನ್ನ ಕತೆಯಿಂದ ಆ ಮಗುವಿಗೆ ಏನೂ ದಕ್ಕದೆ ಇದ್ದರೆ?

ನಾಟಕದ ವಿಷಯ ಮಕ್ಕಳೇ ಆರಿಸಿದ್ದು. ಅದರ ಮೂಲ ನನ್ನ ಹಳೆಯ ಚಾಳಿಯೊಂದರಲ್ಲಿದೆ. ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬಯಿ ಕಡೆಯ ಗಾಡಿ ಹತ್ತಿದವರಿಗೆ ಗೊತ್ತು, ಅದು ಬರುವುದೇ ತುಂಬಿ ತುಳುಕುತ್ತ. ಒಳಗೆ ನುಗ್ಗುವುದೇ ಒಂದು ಸಾಧನೆ, ಸೀಟಿನ ಮಾತು ಬಿಡಿ. ಒಂದು ಶನಿವಾರ ಮುರಿದ ಕುರ್ಚಿಗಳನ್ನು ಸಾಲಾಗಿ ಇಟ್ಟು ಮಕ್ಕಳನ್ನು ಕೂರಿಸಿ ಕೇಳಿದೆ: "ಅಜ್ಜಿಗೆ ಕಾಲುನೋವು. ದಾದರಿಗೆ ಹೋಗಬೇಕು. ಗಾಡಿಯಲ್ಲಿ ಒಂದೂ ಸೀಟಿಲ್ಲ. ಈಗ ಎಂತ ಮಾಡುದು?"

"ಧಕ್ಕಾ ಮಾರ್‌ನೇ ಕಾ!" ಎಂದ ಮೂರನೇ ಮಾಳಿಗೆಯ ಓಂಕಾರ್. ಅವನು ನಮ್ಮ ಗುಂಪಿನ ಧ್ವನಿವರ್ಧಕ. ಸರಿ, ತಳ್ಳಿದ್ದಾಯಿತು. ಮತ್ತೆ ಎಂತ ಆಯ್ತು ಗೊತ್ತುಂಟಾ, ಅಜ್ಜಿ ಒಳಗೆ, ಅಜ್ಜಿಯ ಚಪ್ಪಲಿ ಪ್ಲಾಟ್‌ಫಾರ್ಮಿನಲ್ಲಿ. ಇನ್ನೊಂದು ಹುಡುಗಿ ಅಳಬೇಕು ಎಂದಳು. ಅಜ್ಜಿ ಅತ್ತಳು, ಅದನ್ನು ನೋಡಿ ಗಾಡಿಯ ಡಬ್ಬಿಯಲ್ಲಿ ಕಾಲು ನೋಯುತ್ತಿದ್ದವರೆಲ್ಲ ಅತ್ತರು, ಒಬ್ಬರೂ ಏಳಲಿಲ್ಲ. ಮಕ್ಕಳು ನೆಲದಲ್ಲಿ ಹೊರಳಾಡಿ ಅತ್ತವು, ನಕ್ಕವು. ಕಿಟಕಿಯ ಮೇಲೆ ತನ್ವಿ ಮಾತ್ರ ಸುಮ್ಮನೆ.

ಕೊನೆಗೆ ನಾನು ಇಡೀ ನೌಕರಿಯ ಕಾಲ ಮಾಡಿದ್ದನ್ನೇ ಹೇಳಿದೆ. ಮುಂಬಯಿಗೆ ಹೋಗಬೇಕಾದ ನಾನು ಹಿಡಿಯುತ್ತಿದ್ದುದು ವಿರುದ್ಧ ದಿಕ್ಕಿಗೆ, ಕಲ್ಯಾಣಿಗೆ ಹೋಗುವ ಗಾಡಿ. ಬೆಳಿಗ್ಗೆ ಆ ಕಡೆ ಹೋಗುವವರು ಕಡಿಮೆ, ಸೀಟು ಖಾಲಿ. ಕಲ್ಯಾಣಿನಲ್ಲಿ ಎಲ್ಲರೂ ಇಳಿಯುತ್ತಾರೆ, ನಾನು ಇಳಿಯುವುದಿಲ್ಲ. ಅದೇ ಗಾಡಿ ಮುಂಬಯಿಗೆ ವಾಪಸು ಹೊರಡುತ್ತದೆ. ಡೊಂಬಿವಲಿಯಲ್ಲಿ ಜನ ನುಗ್ಗುವಾಗ ನಾನು ಕಿಟಕಿಯ ಪಕ್ಕ ಮಹಾರಾಣಿಯ ಹಾಗೆ ಕೂತಿರುತ್ತೇನೆ.

"ಅಜ್ಜೀ, ಏ ತೋ ಚೀಟಿಂಗ್ ಹೈ!" ಎಂದು ಓಂಕಾರ್ ಎದ್ದು ನಿಂತ.

"ಪಾಸು ಕಲ್ಯಾಣಿನ ತನಕ ಮಾಡಿಸಿದ್ರೆ ಚೀಟಿಂಗ್ ಅಲ್ಲ," ಎಂದೆ. ನಮ್ಮ ಯಜಮಾನರಿಗೆ ಇದು ಯಾವಾಗಲೂ ತಮಾಷೆ. "ಇವಳು ಹಿಂದೆ ಹಿಂದೆ ಹೋಗಿಯೇ ರಿಟೈರಾದಳು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಮಕ್ಕಳಿಗೆ ಆ ಆಟ ಎಷ್ಟು ಹಿಡಿಸಿತೆಂದರೆ ಪ್ರತಿ ಶನಿವಾರ ಮೊದಲು 'ಉಲ್ಟಾ ಗಾಡಿ' ಆಡಬೇಕು, ಆಮೇಲೆಯೇ ಕತೆ. ಗಣಪತಿಯ ಕಾರ್ಯಕ್ರಮಕ್ಕೂ ಅದೇ ನಾಟಕ ಎಂದು ತೀರ್ಮಾನವಾಯಿತು.

ನಾಟಕಕ್ಕೆ ರೈಲು ಬೇಡವೇ? ಅಂಗಡಿಯಿಂದ ಫ್ರಿಜ್ಜಿನ ಪೆಟ್ಟಿಗೆಗಳನ್ನು ಬೇಡಿ ತಂದು, ಒಂದರ ಹಿಂದೊಂದು ಟೇಪು ಹಚ್ಚಿ, ಬಾಗಿಲು ಕಿಟಕಿ ಕತ್ತರಿಸಿ, ಬಣ್ಣ ಬಳಿದೆವು. ಅಡಿಯಿಲ್ಲದ ರೈಲು, ಮಕ್ಕಳು ಒಳಗೆ ಹೊಕ್ಕು ಎತ್ತಿಕೊಂಡು ನಡೆಯುವಂಥದು. ಮುಂದೆ ಚೆಂದದ ಮೋರೆ ಬರೆದು ಓಂಕಾರನನ್ನು ಮೋಟರ್‌ಮನ್ ಮಾಡಿದ್ದೂ ಆಯಿತು. ನಾನು ಎಷ್ಟು ಉಬ್ಬಿದ್ದೆನೆಂದರೆ ಒಂದು ಸಣ್ಣ ವಿಷಯ ತಲೆಗೇ ಹೊಳೆಯಲಿಲ್ಲ. ರೈಲನ್ನು ಕಟ್ಟಿದ್ದು ಕೋಣೆಯ ಒಳಗೆ. ಗಣಪತಿಯ ಮಂಟಪ ಇರುವುದು ಹೊರಗೆ, ಕಂಪೌಂಡಿನಲ್ಲಿ.

ಕಾರ್ಯಕ್ರಮದ ದಿನ ಆರತಿ ಮುಗಿದು ಮೈಕಿನಲ್ಲಿ ನಮ್ಮ ಹೆಸರು ಕರೆಯುವ ಹೊತ್ತಿಗೆ ರೈಲು ಹೊರಟಿತು. ಕೋಣೆಯ ಬಾಗಿಲಿನ ಮುಂದೆ ಇಕ್ಕಟ್ಟಾದ ಓಣಿ. ಬಲಕ್ಕೆ ತಿರುಗಿದರೆ ಕಂಪೌಂಡು, ಎಡಕ್ಕೆ ಬಾಗಿಲಿಗೆ ಅಂಟಿಕೊಂಡೇ ಲಿಫ್ಟಿನ ಮುಂದಿನ ಅಗಲ ಜಾಗ. ರೈಲಿನ ಮೂತಿ ಬಾಗಿಲು ದಾಟಿತು, ಎದುರಿನ ಗೋಡೆಗೆ ಗುದ್ದಿತು, ನಿಂತಿತು. ಬಲಕ್ಕೆ ತಿರುಗಿಸಲು ಹೋದರೆ ನಡು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಓರೆ ಮಾಡಿದರೆ ತಲೆ ಛಾವಣಿಗೆ ತಾಗುತ್ತದೆ. ಹೊರಗಿನಿಂದ ಮೈಕು, "ಬಾಲ್ ಕಲಾಕಾರ್, ಲೌಕರ್ ಯಾ" ಎಂದು ಬೇಗ ಬರಲು ಒದರುತ್ತಿತ್ತು.

ಸೊಸೈಟಿಯ ಸೆಕ್ರೆಟರಿ ಓಡಿ ಬಂದರು. ಅವರ ಹಿಂದೆಯೇ ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ರೂಪಾ. ಅವಳು ಫೋನು ಹಿಡಿದು ಬಾಗಿಲು ಅಳೆದಳು, ರೈಲು ಅಳೆದಳು, ಓಣಿ ಅಳೆದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಆಗೂದಿಲ್ರಿ ಅತ್ತೀ. ನಡುವ ಕತ್ತರಿಸಬೇಕು, ಬ್ಯಾರೆ ದಾರಿನ ಇಲ್ಲ" ಎಂದಳು. ಸೆಕ್ರೆಟರಿ ಕತ್ತರಿ ತರಲು ವಾಚ್‌ಮನ್ನನ್ನು ಕಳಿಸಿದರು. ಕತ್ತರಿ ಎಂಬ ಮಾತು ಕಿವಿಗೆ ಬಿದ್ದದ್ದೇ ರೈಲಿನೊಳಗಿಂದ ಅಳು ಶುರುವಾಯಿತು.

ನನ್ನ ಬುದ್ಧಿ ಎಲ್ಲಿ ಹೋಗಿತ್ತೋ, ಬಾಯಿ ಮಾತ್ರ ತನ್ನ ಅಭ್ಯಾಸ ಬಿಡಲಿಲ್ಲ.

"ಅಯ್ಯೋ, ಈಗ ಎಂತ ಮಾಡುದು?"

ನಿಜ ಹೇಳುತ್ತೇನೆ, ಅದು ಪ್ರಶ್ನೆಯಲ್ಲ, ಬರೀ ಸಂಕಟ. ಆದರೆ ಮಕ್ಕಳಿಗೆ ಆ ಮಾತು ಎಂದರೆ ಆಟದ ಗಂಟೆ. ಅಳು ತಟ್ಟನೆ ನಿಂತಿತು. ರೈಲಿನ ಕಿಟಕಿಗಳಲ್ಲಿ ಒಂದೊಂದೇ ಮುಖ ಹೊರಬಂತು. ಗೋಡೆ ಒಡೆಯೋಣ ಎಂದ ಓಂಕಾರ್. ಫೈರ್ ಬ್ರಿಗೇಡಿಗೆ ಫೋನ್ ಮಾಡೋಣ ಎಂದಿತು ಇನ್ನೊಂದು. ಜನರನ್ನೇ ಒಳಗೆ ಕರೆಯೋಣ, ಗಣಪತಿಯನ್ನೂ ಕರೆಯೋಣ ಎಂದಿತು ಮತ್ತೊಂದು. ಸೆಕ್ರೆಟರಿಗೆ ನಮ್ಮನ್ನೆಲ್ಲ ಕಂಡು ತಲೆಕೆಟ್ಟಿರಬೇಕು.

ಆಗ ರೈಲಿನ ಬಾಲದ ಕಡೆಯಿಂದ ತನ್ವಿ ಹೊರಗೆ ನುಸುಳಿ ಬಂದಳು. ಎಲ್ಲರ ಕಾಲಿನ ಸಂದಿಯಲ್ಲಿ ಹಾದು ಓಣಿಗೆ ಹೋದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಶಾಲೆಯಲ್ಲಿ ನೋಡುತ್ತಾಳೆಂದು ಟೀಚರು ಹೇಳಿದ್ದು ಇದೇ ನೋಟವಿರಬೇಕು. ಮತ್ತೆ ನನ್ನ ಸೆರಗು ಜಗ್ಗಿ, ಮೆಲ್ಲಗೆ ಹೇಳಿದಳು.

"ಅಜ್ಜೀ, ಪೆಹಲೇ ಕಲ್ಯಾಣ್ ಜಾನೇ ಕಾ ನಾ."

"ಎಂತ ಮಗಾ? ಮೊದಲು ಕಲ್ಯಾಣಿಗೆ ಹೋಗುದಾ?"

ಅವಳು ಎಡಗಡೆಯ ಲಿಫ್ಟಿನ ಜಾಗಕ್ಕೆ ಬೆರಳು ತೋರಿಸಿದಳು. "ಉಧರ್ ಖಾಲೀ ಹೈ. ಪೆಹಲೇ ಉಧರ್, ಫಿರ್ ರಿಟರ್ನ್."

ಖಾಲಿ ಇರುವ ಆ ಕಡೆ ಮೊದಲು ಹೋಗಿ, ಆಮೇಲೆ ವಾಪಸು ಬರುವುದಂತೆ. ಮೊದಲು ಅರ್ಥವಾದದ್ದು ಅವಳ ಅಮ್ಮನಿಗೆ. ರೂಪಾ ಫೋನು ಸೊಂಟಕ್ಕೆ ಸಿಕ್ಕಿಸಿ, "ಎಲ್ಲಾರೂ ಎಡಕ್ಕ ಹಿಡೀರಿ!" ಎಂದು ಕೂಗಿದಳು. ಗಾಬರಿಯಲ್ಲಿ ಹುಬ್ಬಳ್ಳಿಯ ಕನ್ನಡವೇ ಬಂತು, ಸೆಕ್ರೆಟರಿಗೂ ಅದು ಅರ್ಥವಾಯಿತು. ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ರೈಲಿನ ಮೂತಿಯನ್ನು ಎಡಕ್ಕೆ, ಲಿಫ್ಟಿನ ಕಡೆಗೆ ತಳ್ಳಿದೆವು. ಅಲ್ಲಿ ಜಾಗ ಬೇಕಾದಷ್ಟಿತ್ತು. ಮೂತಿ ಹೋಯಿತು, ನಡು ಹೋಯಿತು, ಬಾಲವೂ ಬಾಗಿಲು ದಾಟಿ ಓಣಿಗೆ ಬಿತ್ತು. ಇಡೀ ರೈಲು ಈಗ ಓಣಿಯ ಉದ್ದಕ್ಕೆ ನೆಟ್ಟಗೆ ನಿಂತಿದೆ, ಒಂದು ಗೀರೂ ಇಲ್ಲದೆ. ಇನ್ನು ಹಿಂದಕ್ಕೆ ನಡೆದರೆ ಮಂಟಪ.

ಆದರೆ ಹೊಸ ತಕರಾರು ಎದ್ದಿತು. ರೈಲು ಈಗ ಬಾಲ ಮುಂದೆ ಮಾಡಿ ಹೊರಟಿದೆ, ಮೋಟರ್‌ಮನ್ ಓಂಕಾರ್ ಕಟ್ಟಕಡೆಗೆ ಉಳಿದಿದ್ದಾನೆ. ಅವನು ಕಾಲು ಅಪ್ಪಳಿಸಿದ. ತನ್ವಿ ಅವನ ಬಳಿಗೆ ಹೋಗಿ ಬಹಳ ಗಂಭೀರವಾಗಿ, "ತೂ ಅಭೀ ಗಾರ್ಡ್ ಹೈ. ರಿಟರ್ನ್ ಮೇ ತೂ ಮೋಟರ್‌ಮನ್" ಎಂದಳು. ನಮ್ಮ ಕಡೆಯ ಯಾವ ಮಗುವಿಗೆ ಗೊತ್ತಿಲ್ಲ, ಲೋಕಲ್ ಗಾಡಿ ಎಲ್ಲೂ ತಿರುಗುವುದಿಲ್ಲ, ಅದಕ್ಕೆ ಎರಡೂ ಕಡೆ ಮೋರೆ. ಹೋಗುವಾಗಿನ ಗಾರ್ಡ್ ಡಬ್ಬಿ ಬರುವಾಗ ಮೋಟರ್‌ಮನ್ ಡಬ್ಬಿ. ನ್ಯಾಯ ಓಂಕಾರನಿಗೆ ಒಪ್ಪಿಗೆಯಾಯಿತು. ನಮ್ಮ ರೈಲಿಗೆ ಮಾತ್ರ ಒಂದೇ ಮೋರೆ ಬರೆದಿದ್ದೆವಲ್ಲ! ತನ್ವಿ ಮಾರ್ಕರ್ ಹುಡುಕಿ ತಂದು, ನೆಲಕ್ಕೆ ಮಂಡಿಯೂರಿ, ಬಾಲದ ರಟ್ಟಿನ ಮೇಲೆ ಬರೆಯತೊಡಗಿದಳು. ಮೊದಲ ಕಣ್ಣು ದೊಡ್ಡದಾಯಿತು. ಅಷ್ಟರಲ್ಲಿ ಮೈಕು ಮತ್ತೆ ಒದರಿದ್ದರಿಂದ ಎರಡನೆಯದು ಚಿಕ್ಕದಾಯಿತು.

ಹೀಗೆ ನಮ್ಮ ರೈಲು ಗೂಬೆಯ ಮೋರೆ ಹೊತ್ತು ಮಂಟಪಕ್ಕೆ ಬಂತು. ನಾಟಕದಲ್ಲಿ ಅಜ್ಜಿಗೆ ಸೀಟು ಸಿಕ್ಕಿದಾಗ ಚಪ್ಪಾಳೆ ಬಿತ್ತು, ದಿನಾ ಹಾಗೆ ಹೋಗುವವರಂತೂ ಸಿಳ್ಳೆ ಹಾಕಿದರು. ನನಗೆ ಅದೊಂದೂ ಸರಿಯಾಗಿ ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ರೂಪಾ ನನ್ನ ಕೈ ಹಿಡಿದು, "ಅತ್ತೀ, ಅಳತಿ ನಾ ತಗೊಂಡೆ. ದಾರಿ ಇಕಿ ತಗದ್ಳು ನೋಡ್ರಿ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದನ್ನು ನಾನು ಆರತಿಯ ಹೊಗೆಯ ಮೇಲೆ ಹಾಕಿದೆ.

ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವ ಸೌಜನ್ಯ ನನಗಿಲ್ಲ. ಮರುದಿನ ತರಕಾರಿಯವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕವರಿಗೆ ಹೇಳಿದೆ, ಗೋಳಿಬಜೆ ಗೆದ್ದ ತಮ್ಮನಿಗೆ ಫೋನು ಮಾಡಿ ಸ್ವಲ್ಪ ಜಾಸ್ತಿಯೇ ಹೇಳಿದೆ. ತನ್ವಿಗೆ ತಲೆ ಬಾಚುವಾಗ ಕೇಳಿದೆ, "ಅಲ್ಲ ಮಗಾ, ಇಷ್ಟೆಲ್ಲ ತಲೆ ಓಡುತ್ತದೆ, ಶನಿವಾರ ಯಾಕೆ ಒಂದು ಮಾತೂ ಆಡುದಿಲ್ಲ?"

"ಸಬ್ ಲೋಗ್ ಬೋಲ್ತೇ ಹೈ ನಾ ಅಜ್ಜೀ," ಎಂದಳು, "ಮೈ ದೇಖ್ತೀ ಹೂಂ."

ಎಲ್ಲರೂ ಮಾತಾಡುವಲ್ಲಿ ಒಬ್ಬರಾದರೂ ನೋಡಬೇಕಲ್ಲ. ನನಗೆ ಅದು ಹೊಳೆದೇ ಇರಲಿಲ್ಲ.

ಗಣಪತಿ ಹೋದ. ಶನಿವಾರ ಬಂತು. ರೂಪಾ ಕ್ಲಾಸಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ, ಕೇಳಲು ಧೈರ್ಯ ಬರಲಿಲ್ಲ. ಸಂಜೆ ಕೆಳಗೆ ಹೋಗಿ ಮಕ್ಕಳನ್ನು ಸುತ್ತ ಕೂರಿಸಿದೆ. ಕಿಟಕಿಯ ಕಟ್ಟೆ ಖಾಲಿ.  ಆಗಲಿ, ಕ್ಲಾಸಿಗೆ ಹೋದರೂ ನನ್ನ ಮೊಮ್ಮಗಳೇ ತಾನೇ ಎಂದು ಸಮಾಧಾನ ಮಾಡಿಕೊಂಡು ಅಮ್ಮನ ಕೊಡೆಯ ಕತೆ ಶುರು ಮಾಡಿದೆ. ಅರ್ಧಕ್ಕೆ ಬಾಗಿಲು ಸರಿಯಿತು. ತನ್ವಿ ಅಮ್ಮನ ಕೈ ಹಿಡಿದು ಎಳೆದುಕೊಂಡು ಬಂದಳು. ರೂಪಾ ನಾಚಿಕೊಂಡು ಮಕ್ಕಳ ನಡುವೆ ನೆಲದ ಮೇಲೆಯೇ ಕೂತಳು, ತನ್ವಿ ಈ ಸಲ ಕಿಟಕಿ ಹತ್ತದೆ ಅವಳ ಪಕ್ಕದಲ್ಲಿ.

"ಮೂರು ಮೊಮ್ಮಕ್ಕಳು, ಒಂದೇ ಕೊಡೆ, ಜಡಿಮಳೆ," ಎಂದೆ. "ಈಗ ಎಂತ ಮಾಡುದು?"

ಮಕ್ಕಳು ಬಾಯಿ ತೆರೆಯುವ ಮೊದಲೇ ಇಂಜಿನಿಯರಮ್ಮ ಕೈ ಎತ್ತಿದಳು. "ಇಬ್ರನ್ನ ಛತ್ರಿ ಒಳಗ ನಡಿಸೂದು, ಸಣ್ಣದನ್ನ ಅಜ್ಜಿ ಎತ್ತಿಕೊಳ್ಳೂದು. ಮುಗೀತಲ್ರಿ?"

ನಾನು ಬಾಯಿ ತೆರೆದೆ. ಆದರೆ ನನಗಿಂತ ಮೊದಲು ತನ್ವಿ ಎದ್ದು ನಿಂತಿದ್ದಳು. ಸೊಂಟಕ್ಕೆ ಕೈಯಿಟ್ಟು, ಕತ್ತು ಒಂದಿಷ್ಟು ವಾಲಿಸಿ, ನೌಪಾಡಾದ ಆ ಪರದೆಯ ಹಿಂದೆ ಅಕ್ಕಿ ಆರಿಸುತ್ತಿದ್ದ, ತಾನು ಕಂಡೇ ಇರದ ಮುತ್ತಜ್ಜಿಯ ಕನ್ನಡದಲ್ಲಿ ಅವಳು ಹೇಳಿದಳು.

"ಅಮ್ಮಾ, ಹಾಗೆ ಮಾಡಿದ್ರೆ ಮತ್ತೆ ಎಂತ ಆಯ್ತು ಗೊತ್ತುಂಟಾ? ಅಜ್ಜಿಗೆ ಸೊಂಟ ನೋವಾಯ್ತು. ಅಜ್ಜಿ ದಾರಿಯಲ್ಲೇ ಕೂತ್ಳು. ಈಗ ಎಂತ ಮಾಡುದು?"

ರೂಪಾ ಉತ್ತರಕ್ಕಾಗಿ ನನ್ನ ಮುಖ ನೋಡಿದಳು. ನಾನು ಹೇಳಿಕೊಡಲಿಲ್ಲ.